ಗಂಡಾದರೆ ಐನೂರು

ಗಂಡಾದರೆ ಐನೂರು, ಹೆಣ್ಣಾದರೆ ನೂರು. ಇದನ್ನು ಯಾರೂ ಗೋಡೆಯ ಮೇಲೆ ಬರೆದಿರಲಿಲ್ಲ. ಆದರೂ ಶಹಾಪುರದ ಆ ಖಾಸಗಿ ಹೆರಿಗೆ ದವಾಖಾನೆಗೆ ಬರುವವರಿಗೆಲ್ಲ ಗೊತ್ತಿತ್ತು. ಬಿಲ್ಲು ಬೇರೆ, ಇದು ಬೇರೆ. ಇದರ ಹೆಸರು ಖುಷಿ. ಕೂಸು ಹುಟ್ಟಿದ ಖುಷಿಗೆ ಆಯಾಗೆ ಕೊಡುವುದು.

ಆಯಾ ಶೇಖಮ್ಮ. ದೋರನಹಳ್ಳಿಯ ಮಾದಿಗರ ಓಣಿಯವಳು. ಗಂಡ ಗಾರೆ ಕೆಲಸಕ್ಕೆಂದು ಪುಣೆಗೆ ಹೋದವನು ಅಲ್ಲಿಯೇ ಸತ್ತ. ಒಬ್ಬಳೇ ಮಗಳನ್ನು ಸುರಪುರಕ್ಕೆ ಕೊಟ್ಟಾಗಿತ್ತು. ಏಳು ವರ್ಷದಿಂದ ದಿನಾ ಮುಂಜಾನೆಯ ಬಸ್ಸು ಹಿಡಿದು ಬರುತ್ತಿದ್ದಳು. ಹೆರುವವಳ ತೊಡೆ ಒತ್ತಿ ಹಿಡಿಯುವವಳು ಅವಳು. ಒಡೆದ ನೀರು ಒರೆಸುವವಳು ಅವಳು. ಮಾಸು ಬಿದ್ದ ಬಕೇಟು ಹೊತ್ತು ಹಿತ್ತಲಿಗೆ ಹೋಗುವವಳೂ ಅವಳೇ. ನೆತ್ತರಾದ ಚಾದರುಗಳನ್ನು ತಣ್ಣೀರಲ್ಲಿ ನೆನೆಸಿ, ಬ್ಲೀಚಿಂಗ್ ಪೌಡರು ಹಾಕಿ, ಮೊಣಕಾಲೂರಿ ತಿಕ್ಕಬೇಕು. ತಿಕ್ಕಿ ತಿಕ್ಕಿ ಬೆರಳಿನ ಗೆರೆಗಳೇ ಸವೆದಿದ್ದವು. ರೇಷನ್ ಅಂಗಡಿಯ ಯಂತ್ರ ಅವಳ ಹೆಬ್ಬೆಟ್ಟನ್ನು ಹಿಡಿಯುತ್ತಿರಲಿಲ್ಲ. ಅಂಗಡಿಯವನು ತಿಂಗಳಿಗೊಮ್ಮೆ ಬೈದೇ ಜೋಳ ಅಳೆಯುತ್ತಿದ್ದ.

ಹುಟ್ಟಿದ ಕೂಸನ್ನು ಮೊದಲು ಮುಟ್ಟುವ ಕೈ ಅವಳದು. ಬಾಯಲ್ಲಿನ ಲೋಳೆ ಒರೆಸಿ, ಮೈ ಒರೆಸಿ, ಬಟ್ಟೆ ಸುತ್ತಿ ಹೊರಗೆ ತರುತ್ತಿದ್ದಳು. ಆದರೆ ಖುಷಿಯ ನೋಟನ್ನು ಯಾರೂ ಅವಳ ಕೈಗೆ ಇಡುತ್ತಿರಲಿಲ್ಲ. ಕೂಸಿನ ಎದೆಯ ಬಟ್ಟೆಯ ಮೇಲೆ ಇಡುತ್ತಿದ್ದರು. ಅಲ್ಲಿಂದ ಅವಳು ಎತ್ತಿಕೊಳ್ಳಬೇಕು. ಬೆರಳಿಗೆ ಬೆರಳು ತಾಗಬಾರದು. ಮೊದಮೊದಲು ಅದು ಕೂಸಿನ ಮೇಲಿನ ಪ್ರೀತಿ ಎಂದುಕೊಂಡಿದ್ದಳು. ಒಂದು ವರ್ಷ ಕಳೆಯುವುದರೊಳಗೆ ತಿಳಿಯಿತು.

ಖುಷಿ ಇಸಿದುಕೊಳ್ಳುವ ರೀತಿಯನ್ನು ಕಲಿಸಿದವಳು ಮಹಾನಂದಾ ಮೇಡಂ, ಡಾಕ್ಟರ ಹೆಂಡತಿ. ದವಾಖಾನೆಯ ಹಣಕಾಸು, ಆಳುಕಾಳು ಎಲ್ಲ ಆಕೆಯದೇ. ಹೆರಿಗೆ ಕೋಣೆಯ ಎದುರಿಗೆ ಗಾಜಿನ ಕೋಣೆ ಮಾಡಿಕೊಂಡು ಕೂತಿರುತ್ತಿದ್ದಳು. ಕೆಲಸಕ್ಕೆ ಸೇರಿದ ದಿನವೇ ಶೇಖಮ್ಮನನ್ನು ನಿಲ್ಲಿಸಿಕೊಂಡು ಹೇಳಿದಳು:

"ಪಗಾರ ನಾಕು ಸಾವಿರ. ಉಳಿದಿದ್ದು ಮಂದಿ ಖುಷಿ. ಬಾಯಿಬಿಟ್ಟು ಕೇಳಬ್ಯಾಡ, ಕೈ ಚಾಚಬ್ಯಾಡ. ಭಿಕ್ಷಾ ಬೇಡಿದಂಗ ಕಾಣ್ತದ, ದವಾಖಾನಿ ಹೆಸರು ಕೆಡ್ತದ. ಕೂಸು ಹಿಡಕೊಂಡು ಬಾಕಲದಾಗ ನಿಂದ್ರು. ತಾವೇ ಕೊಡ್ತಾರ. ಕೊಟ್ಟಮ್ಯಾಲ ತಾಯಿ ಕಡಿ ಒಯ್ಯಿ."

ಬಂದದ್ದರಲ್ಲಿ ಅರ್ಧ ಸಂಜೆ ಮೇಡಂ ಮೇಜಿನ ಮೇಲೆ ಇಡಬೇಕಿತ್ತು. ಏಳು ವರ್ಷದಲ್ಲಿ ಪಗಾರ ಐದು ಸಾವಿರಕ್ಕೆ ಏರಿತು, ಅಷ್ಟೆ. ಹೆಚ್ಚು ಮಾಡಿ ಎಂದಾಗಲೆಲ್ಲ ಮೇಡಂ, ನಿನಗೇನು ಕಡಿಮೆ, ಖುಷಿ ಬರುತ್ತದಲ್ಲ ಎನ್ನುತ್ತಿದ್ದಳು.

ಶೇಖಮ್ಮ ನಿಲ್ಲುವುದನ್ನು ಚೆನ್ನಾಗಿ ಕಲಿತಳು. ಉಳ್ಳವರ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತಿರಲಿಲ್ಲ. ಇಲ್ಲದವರ ಮುಂದೆಯೇ ನಿಂತುಬಿಡಬೇಕು. ಅವರು ಸೆರಗಿನ ಗಂಟು ಬಿಚ್ಚುವರು, ಒಬ್ಬರ ಮುಖ ಒಬ್ಬರು ನೋಡುವರು, ಮೂಲೆಗೆ ಹೋಗಿ ಗುಸುಗುಸು ಮಾಡುವರು. ಅವಳು ಕೂಸನ್ನು ನೋಡುತ್ತಾ ನಿಲ್ಲುವಳು. ಅವಳ ತಾಯಿಯೂ ಓಣಿಯ ಸೂಲಗಿತ್ತಿ. ಹೆರಿಗೆ ಮಾಡಿಸಿ, ತಾಯಿಯ ಮಗ್ಗುಲಿಗೆ ಕೂಸು ಮಲಗಿಸಿ, ಆಮೇಲೆ ಅಂಗಳಕ್ಕಿಳಿದು ಒಂದು ಸೇರು ಜೋಳಕ್ಕೆ ಸೆರಗೊಡ್ಡುತ್ತಿದ್ದಳು. ನಮ್ಮವ್ವ ಬೇಡಿದ್ದು ಹೌದು, ಕೂಸು ಹಿಡಿದುಕೊಂಡು ಬೇಡಲಿಲ್ಲ ಎಂದು ಶೇಖಮ್ಮನಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು. ಅನ್ನಿಸಿದ್ದನ್ನು ನುಂಗಿಕೊಂಡು ಕೆಲಸ ಮಾಡುತ್ತಿದ್ದಳು.

ಸಂಕ್ರಾಂತಿ ಮುಗಿದ ವಾರ ಮಲ್ಲೇಶ್ವರಿ ಬಂದಳು. ಕುರಿ ಕಾಯುವವರ ಸೊಸೆ. ದೋರನಹಳ್ಳಿಯ ಆಚೆ, ಹತ್ತಿ ಬಿಡಿಸಿದ ಹೊಲಗಳಲ್ಲಿ ಅವರ ಕುರಿಹಟ್ಟಿ ಇಳಿದಿತ್ತು. ಎರಡು ದಿನದಿಂದ ನೋವು ಬಂದು ಬಂದು ನಿಲ್ಲುತ್ತಿದ್ದುದಕ್ಕೆ ಹೆದರಿ, ಎರಡು ಟಗರು ಮಾರಿ, ಕಟ್ಟುವಷ್ಟು ಮುಂಗಡ ಕಟ್ಟಿ ಒಳಗೆ ಸೇರಿಸಿದ್ದರು. ಜೊತೆಗೆ ಗಂಡ ಹಣಮೇಶ, ಅತ್ತೆ ಬಸ್ಸಮ್ಮ. ಮೊದಲಿನ ಎರಡು ಹೆಣ್ಣುಮಕ್ಕಳನ್ನು ಹಟ್ಟಿಯಲ್ಲೇ ಬಿಟ್ಟು ಬಂದಿದ್ದರು.

ನೋವಿನಲ್ಲಿ ಮಲ್ಲೇಶ್ವರಿ ಶೇಖಮ್ಮನ ಮುಂಗೈ ಹಿಡಿದಳು. ಉಗುರು ಊರಿ ನೆತ್ತರು ಬಂತು. ಕೂಗಲಿಲ್ಲ. ಕುರಿ ಕಾಯುವವರ ಹೆಣ್ಣುಮಕ್ಕಳು ಕೂಗುವುದಿಲ್ಲ ಎಂದು ಶೇಖಮ್ಮನಿಗೆ ಗೊತ್ತಿತ್ತು. ಬೆನ್ನು ನೀವಿದಳು, ಹಣೆ ಒರೆಸಿದಳು. ಮಧ್ಯಾಹ್ನ ಒಂದು ಗಂಟೆಗೆ ಕೂಸು ಬಂತು. ಗಂಡು. ಹುಟ್ಟಿದ ಕೂಡಲೇ ಕೋಣೆ ತುಂಬ ಅತ್ತಿತು. ಸಿಸ್ಟರ್ ಅಂಬರೀನ ಹೊಕ್ಕುಳಬಳ್ಳಿ ಕತ್ತರಿಸಿದಳು, ಮಾಸು ತೆಗೆದಳು, ತೂಕ ಮಾಡಿದಳು. ಅಷ್ಟರಲ್ಲಿ ಮೇಲಿನ ಮಹಡಿಯಿಂದ ಕರೆ ಬಂತು. ಡಾಕ್ಟರ್ ವಿಶ್ವರಾಧ್ಯ ಬೇರೊಬ್ಬಳಿಗೆ ಹೊಟ್ಟೆ ಕೊಯ್ಯುತ್ತಿದ್ದರು, ಕೈಗೆ ಇನ್ನೊಬ್ಬ ಸಿಸ್ಟರ್ ಬೇಕಿತ್ತು. ಇಡೀ ದವಾಖಾನೆಗೆ ಇದ್ದವರೇ ಇಬ್ಬರು. ಬಾಣಂತಿಯ ಕಡೆ ನೋಡುತ್ತಿರು, ನೆತ್ತರು ಹೋಗುತ್ತದೇನೋ ಕೆಳಗಿನ ಬಟ್ಟೆ ನೋಡುತ್ತಿರು ಎಂದು ಶೇಖಮ್ಮನಿಗೆ ಹೇಳಿ ಅಂಬರೀನ ಮೆಟ್ಟಿಲು ಹತ್ತಿದಳು.

ಮಲ್ಲೇಶ್ವರಿ ಎರಡೂ ಕೈ ಚಾಚಿದಳು. ಅದೇ ಹೊತ್ತಿಗೆ ಮೇಡಂ ಕೋಣೆಯ ಗಂಟೆ ಬಾರಿಸಿತು. ಕೂಸು ಅತ್ತ ದನಿ ಹೊರಗೆ ಕೇಳಿತ್ತು.

"ಒಂದ್ ನಿಮಿಷವ್ವಾ, ಹೊರಗ ತೋರ್ಸಿ ತರ್ತೀನಿ," ಎಂದಳು ಶೇಖಮ್ಮ.

ಹೊರಗೆ ಬಸ್ಸಮ್ಮ ಒಬ್ಬಳೇ ಇದ್ದಳು. ಹಣಮೇಶ ಚೀಟಿ ಹಿಡಿದು ಔಷಧದ ಅಂಗಡಿಗೆ ಹೋಗಿದ್ದ. ಗಂಡು ಎಂದ ಕೂಡಲೇ ಮುದುಕಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಆಮೇಲೆ ಸೊಂಟದ ಸಂಚಿ ಬಿಚ್ಚಿದಳು. ಅಡಕೆ, ಸುಣ್ಣದ ಡಬ್ಬಿ, ನೂರಾ ಇಪ್ಪತ್ತು ರೂಪಾಯಿ. ಹೆಣ್ಣಾಗಿದ್ದರೆ ಅಷ್ಟೇ ಸಾಕಿತ್ತು. ಆಗಲೇ ಕೂಸು ಒಳಗೆ ತಾಯಿಯ ಹತ್ತಿರ ಹೋಗಿಬಿಟ್ಟಿರುತ್ತಿತ್ತು.

ಬಸ್ಸಮ್ಮ ನೂರರ ನೋಟನ್ನು ಹಿಡಿದು ಶೇಖಮ್ಮನ ಮುಖ ನೋಡಿದಳು. ಶೇಖಮ್ಮ ಕೂಸಿನ ಮುಖ ನೋಡಿದಳು. ಏಳು ವರ್ಷದ ರೂಢಿ. ಮುದುಕಿಗೆ ಅರ್ಥವಾಯಿತು. ನಮ್ಮ ಊರಿನವನೊಬ್ಬ ಬಸ್‌ಸ್ಟ್ಯಾಂಡಿನ ಹತ್ತಿರ ಚಹಾದ ಅಂಗಡಿ ಇಟ್ಟಿದ್ದಾನೆ, ಇಸಿದುಕೊಂಡು ಬಂದೆ, ನಿಲ್ಲು ತಾಯಿ ಎಂದು ಮೆಟ್ಟಿಲಿಳಿದು ಓಡಿದಳು. ಅರವತ್ತರ ಮುದುಕಿ, ಬರಿಗಾಲು.

ಶೇಖಮ್ಮ ನಿಂತಳು. ಬೆನ್ನ ಹಿಂದೆ ಹೆರಿಗೆ ಕೋಣೆಯ ಬಾಗಿಲು, ಎದುರಿಗೆ ಗಾಜು.

ಒಳಗಿನಿಂದ ಮಲ್ಲೇಶ್ವರಿ ಕರೆದಳು. "ಯಕ್ಕಾ, ಕೂಸು ತಾ."

ಬಂದೆನವ್ವಾ ಎಂದಳು ಶೇಖಮ್ಮ. ಹೋಗಲಿಲ್ಲ.

ಸ್ವಲ್ಪ ಹೊತ್ತಿಗೆ ಮತ್ತೆ ಕರೆದಳು. ದನಿ ಸಣ್ಣದಾಗಿತ್ತು. "ಯಕ್ಕಾ, ನನಗ ಥಂಡಿ ಹತ್ಯಾದ."

ಆ ಮಾತು ಏನೆಂದು ಶೇಖಮ್ಮನಿಗೆ ಗೊತ್ತಿತ್ತು. ಹೆತ್ತವಳು ಥಂಡಿ ಎಂದರೆ ಚಾದರ ಎತ್ತಿ ನೋಡಬೇಕು. ಅವಳ ತಾಯಿ ಕಲಿಸಿದ ಮೊದಲ ಪಾಠ ಅದು. ಒಂದು ಹೆಜ್ಜೆ ಒಳಕ್ಕಿಟ್ಟಳು. ಗಾಜಿನ ಮೇಲೆ ಉಂಗುರ ಬಡಿದ ಸದ್ದಾಯಿತು. ತಿರುಗಿದಳು. ಮೇಡಂ ಕಿವಿಗೆ ಫೋನು ಹಿಡಿದು ಯಾರೊಡನೆಯೋ ಮಾತಾಡುತ್ತಲೇ, ಬೆರಳಿನಿಂದ ನೆಲ ತೋರಿಸಿದಳು. ಅಲ್ಲೇ ನಿಲ್ಲು.

ಆಕೆ ಥಂಡಿ ಅನ್ನುತ್ತಿದ್ದಾಳೆ ಎಂದು ಶೇಖಮ್ಮ ಗಾಜಿನ ಈಚೆಯಿಂದ ಹೇಳಿದಳು. ಮೇಡಂಗೆ ಕೇಳಿಸಿತೋ ಇಲ್ಲವೋ. ಫೋನಿನ ಮಾತು ನಿಲ್ಲಲಿಲ್ಲ, ಬೆರಳೂ ಕೆಳಗಿಳಿಯಲಿಲ್ಲ. ಶೇಖಮ್ಮ ನಿಂತಳು. ಮೂರನೆಯ ಸಲ ಒಳಗಿನಿಂದ ಬಂದದ್ದು ಮಾತಲ್ಲ. ಉಸಿರಿನಂಥದ್ದು ಏನೋ. ಆಮೇಲೆ ಏನೂ ಇಲ್ಲ. ಕೂಸು ಅವಳ ತೋಳಿನಲ್ಲಿ ಬೆಚ್ಚಗೆ ನಿದ್ದೆ ಹೋಗಿತ್ತು.

ಅಂಬರೀನ ಕೆಳಗಿಳಿದು ಒಳಗೆ ಹೋದವಳು ಚೀರಿದಳು. ಶೇಖಮ್ಮ ಓಡಿದಳು. ನೆತ್ತರು ಚಾದರ ದಾಟಿ, ಮಂಚದ ಕಾಲು ಹಿಡಿದು ನೆಲಕ್ಕಿಳಿದಿತ್ತು. ಡಾಕ್ಟರು ಬಂದರು, ಸೂಜಿ ಚುಚ್ಚಿದರು, ಬಟ್ಟೆ ತುರುಕಿದರು, ಕಲಬುರಗಿಗೆ ಒಯ್ಯಿರಿ ಎಂದರು. ಮಲ್ಲೇಶ್ವರಿಯನ್ನು ಹೊರಗೆ ತರುವಾಗ ಬಸ್ಸಮ್ಮ ಏದುಸಿರು ಬಿಡುತ್ತಾ ಮೇಲೆ ಬಂದಳು. ಮುಖದಲ್ಲಿ ನಗು ಇತ್ತು. ಸ್ಟ್ರೆಚರಿನ ಮೇಲೆ ಇರುವವಳು ತನ್ನ ಸೊಸೆ ಎಂದು ಅವಳಿಗೆ ಗೊತ್ತಾಗಲಿಲ್ಲ. ನೇರ ಶೇಖಮ್ಮನ ಹತ್ತಿರ ಬಂದು ಕೂಸಿನ ಎದೆಯ ಮೇಲೆ ಐನೂರರ ನೋಟು ಇಟ್ಟಳು. ತಡ ಆಯಿತು, ಮಾಫಿ ಮಾಡು ಎಂದಳು.

ನೋಟು ಜಾರಿ ನೆಲಕ್ಕೆ ಬಿತ್ತು. ಸಂಜೆ ಅಲ್ಲಿ ನೆಲ ಒರೆಸಿದ್ದು ಶೇಖಮ್ಮನೇ. ಆಗ ನೋಟು ಇರಲಿಲ್ಲ.

ಗಾಡಿ ಜೇವರ್ಗಿ ದಾಟಿ ಭೀಮಾ ನದಿಯ ಸೇತುವೆ ಮುಟ್ಟುವ ಮೊದಲೇ ಮಲ್ಲೇಶ್ವರಿ ತೀರಿಹೋದಳು.

ಮಣ್ಣು ಮಾಡಿದ ಮಾರನೆಯ ದಿನ ಬಸ್ಸಮ್ಮ ಮತ್ತು ಹಣಮೇಶ ಕಾಗದಪತ್ರಕ್ಕೆ ಬಂದರು. ಮುದುಕಿಯ ಮಡಿಲಲ್ಲಿ ಕೂಸಿತ್ತು. ಮೇಡಂ ಅವರನ್ನು ಗಾಜಿನ ಕೋಣೆಯೊಳಗೆ ಕೂರಿಸಿ, ಚಹಾ ತರಿಸಿ, ದೇವರ ಇಚ್ಛೆಗೆ ಯಾರೂ ಅಡ್ಡ ಬರಲಾರರು ಎಂದಳು. ನಿಮ್ಮ ಸೊಸೆ ಕೂಸಿನ ಮುಖ ನೋಡಿ ನಕ್ಕೇ ಹೋದಳು, ಅದೊಂದು ಸಮಾಧಾನ ಎಂದಳು. ಕಪ್ಪು ಎತ್ತಲು ಬಂದ ಶೇಖಮ್ಮ ಅಲ್ಲೇ ನಿಂತಿದ್ದಳು. ಬಸ್ಸಮ್ಮ ಅವಳ ಕಡೆ ತಿರುಗಿದಳು.

"ಹೌದೇನವ್ವಾ? ನೋಡಿದ್ಲಾ?"

ಶೇಖಮ್ಮ ತಲೆಯಾಡಿಸಿದಳು. ಹೌದು ಎಂಬಂತೆ.

ಆ ತಲೆಯಾಡಿಸಿದ್ದು ಅವಳನ್ನು ತಿಂದುಹಾಕಿತು. ಬಾಗಿಲಲ್ಲಿ ನಿಂತದ್ದಕ್ಕಿಂತ ಅದೇ ಹೆಚ್ಚಾಗಿ ಸುಟ್ಟಿತು. ನಿಂತದ್ದು ಅಂಜಿಕೆ, ರೂಢಿ, ಹೊಟ್ಟೆಪಾಡು. ಇದಕ್ಕೆ ಏನು ಹೆಸರು? ಮನೆಯಲ್ಲಿ ಮುರಿದ ರೊಟ್ಟಿಯನ್ನು ಮತ್ತೆ ಬುಟ್ಟಿಗೆ ಹಾಕಿದಳು. ಮಗಳು ಸುರಪುರದಿಂದ ಫೋನು ಮಾಡಿದಾಗ ಮೈಯಲ್ಲಿ ಆರಾಮಿಲ್ಲ ಎಂದಷ್ಟೇ ಹೇಳಿದಳು.

ಸುದ್ದಿ ಹೇಗೋ ಹೊರಬಿತ್ತು. ಚಹಾದ ಅಂಗಡಿಯವನು, ಮುದುಕಿ ಖುಷಿಗಾಗಿ ಓಡಿಬಂದಿದ್ದಳು, ಅಷ್ಟೊತ್ತು ಕೂಸು ಹೊರಗೇ ಇತ್ತು ಎಂದು ಎಲ್ಲರಿಗೂ ಹೇಳಿದ. ಹಣಮೇಶನ ಕಡೆಯ ಗಂಡಸರು ಟಂಟಂ ಗಾಡಿ ತುಂಬಿಕೊಂಡು ಬಂದು ದವಾಖಾನೆ ಮುಂದೆ ಗಲಾಟೆ ಮಾಡಿದರು. ಊರಿನ ದೊಡ್ಡವರು ನಡುವೆ ಕೂತರು. ಬಾಗಿಲು ಮುಚ್ಚಿ ಒಂದು ಮಧ್ಯಾಹ್ನವೆಲ್ಲ ಮಾತಾಯಿತು. ದವಾಖಾನೆ ಇಷ್ಟು ಹಣ ಕೊಡಬೇಕು, ಅವರು ಪೊಲೀಸರ ಹತ್ತಿರ ಹೋಗಬಾರದು ಎಂದು ತೀರ್ಮಾನವಾಯಿತು. ತಪ್ಪು ಯಾರದು ಎಂದು ಕೇಳಿದಾಗ, ಆಯಾದು ಎಂದು ಹೇಳುವುದು ಎಲ್ಲರಿಗೂ ಸಲೀಸಾಯಿತು. ಮರುದಿನವೇ ಗೋಡೆಯ ಮೇಲೆ ಬೋರ್ಡು ಬಂತು: ಇಲ್ಲಿ ಯಾವ ಸಿಬ್ಬಂದಿಗೂ ಖುಷಿ ಕೊಡಬಾರದು.

ಮೇಡಂ ಶೇಖಮ್ಮನನ್ನು ಕರೆದಳು. ಮೇಜಿನ ಮೇಲೆ ಕಾಗದ ಇತ್ತು. ಅಂಬರೀನಳಿಗೆ ಓದಲು ಹೇಳಿದಳು. ಖುಷಿಯ ಆಸೆಗೆ ಬಿದ್ದು, ದವಾಖಾನೆಯವರಿಗೆ ಗೊತ್ತಿಲ್ಲದಂತೆ, ಬಾಣಂತಿಯನ್ನು ಬಿಟ್ಟು ಕೂಸು ಹಿಡಿದುಕೊಂಡು ಹೊರಗೆ ನಿಂತಿದ್ದೆ. ಆದದ್ದಕ್ಕೆಲ್ಲ ನಾನೇ ಹೊಣೆ. ಅಂಬರೀನ ತಲೆ ಎತ್ತದೆ ಓದಿದಳು. ಕೊನೆಯ ಸಾಲಿಗೆ ದನಿ ಒಡೆಯಿತು. ಆಕೆಗೂ ಮೂರು ಮಕ್ಕಳು.

ದಸ್ತಖತ್ತು ಹಾಕು, ಒಂದೆರಡು ತಿಂಗಳು ಮನೆಯಲ್ಲಿರು, ಪಗಾರ ಕೊಡುತ್ತೇನೆ, ಗದ್ದಲ ತಣ್ಣಗಾದ ಮೇಲೆ ಮತ್ತೆ ಬಾ ಎಂದಳು ಮೇಡಂ. ದನಿಯಲ್ಲಿ ಸಿಟ್ಟಿರಲಿಲ್ಲ. ಪೆನ್ನು ಮುಂದಿಟ್ಟಳು.

ಶೇಖಮ್ಮ ನಾಲ್ಕನೇ ಇಯತ್ತೆ ಕಲಿತವಳು. ಹೆಸರು ಬರೆಯಲು ಬರುತ್ತಿತ್ತು. ಪೆನ್ನು ಮುಟ್ಟಲಿಲ್ಲ.

"ನಿಂತಾಕಿ ನಾನು. ಅದನ್ನ ಬರೀರಿ, ಹಾಕ್ತೀನಿ. ನಿಂದ್ರು ಅಂದವರು ಯಾರು, ಅದನ್ನೂ ಬರೀರಿ. ಅರ್ಧ ಯಾರ ಮೇಜಿನ ಮ್ಯಾಲ ಇಟ್ಟೆ, ಅದನ್ನೂ ಬರೀರಿ. ಆಕಿ ಥಂಡಿ ಅಂದಾಗ ನಾ ನಿಮಗ ಹೇಳಿದ್ದು ಬರೀರಿ. ಎಲ್ಲಾ ಬರೀರಿ, ಎಲ್ಲಾದಕ್ಕೂ ಹಾಕ್ತೀನಿ."

ಮೇಡಂ ಮುಖ ಬದಲಾಯಿತು. ತಿಂದ ಮನೆಗೆ ಎರಡು ಬಗೆಯುವ ಜಾತಿ ಎಂದಳು.

"ಜಾತಿ ಮಾತು ಬ್ಯಾಡ್ರಿ. ಈ ಊರಿನ ಎಷ್ಟು ಮಂದಿ ಮಕ್ಕಳಿಗಿ ಮದ್ಲ ಮುಟ್ಟಿದ ಕೈ ಇದು, ಲೆಕ್ಕ ಇಲ್ಲ."

ಹೊರಗೆ ಬಂದಳು. ಹಿತ್ತಲಲ್ಲಿ ನೆನೆಹಾಕಿದ ಚಾದರುಗಳು ಹಾಗೆಯೇ ಇದ್ದವು. ತಿಕ್ಕಲಿಲ್ಲ. ಆ ತಿಂಗಳ ಪಗಾರವನ್ನೂ ಕೇಳಲಿಲ್ಲ. ಬಸ್ಸು ಹತ್ತಿ ಊರಿಗೆ ಬಂದು, ಮನೆಗೆ ಹೋಗದೆ, ಹೊಲದ ದಾರಿ ಹಿಡಿದು ಕುರಿಹಟ್ಟಿಗೆ ನಡೆದಳು.

ಸಂಜೆಗೆ ಇನ್ನೂ ಹೊತ್ತಿತ್ತು. ಕುರಿಗಳು ಮೇಯಲು ಹೋಗಿದ್ದವು. ಹಟ್ಟಿಯ ಸುತ್ತ ಕಟ್ಟಿದ ಬಲೆಯ ಒಳಗೆ ಮರಿಗಳಷ್ಟೇ ಅರಚುತ್ತಿದ್ದವು. ಬಸ್ಸಮ್ಮ ಕಂಬಳಿಯ ನೆರಳಲ್ಲಿ ಕೂತು, ಆಡಿನ ಹಾಲಲ್ಲಿ ಅರಿವೆಯ ತುದಿ ಅದ್ದಿ ಕೂಸಿನ ಬಾಯಿಗೆ ಹಿಂಡುತ್ತಿದ್ದಳು. ಎರಡು ಹೆಣ್ಣುಮಕ್ಕಳು ಮಗ್ಗುಲಲ್ಲಿ ಕೂತು ನೋಡುತ್ತಿದ್ದವು. ಶೇಖಮ್ಮ ದೂರದಲ್ಲೇ ಕೂತಳು. ನೀರು ಕೇಳಿದಳು. ಮುದುಕಿ ಎದ್ದು ಬಂದು, ಚೆಂಬಿನಿಂದ ಅವಳ ಬೊಗಸೆಗೆ ಮೇಲಿನಿಂದ ನೀರು ಸುರಿದಳು. ಇಲ್ಲಿಯೂ ಅದೇ ರೂಢಿ. ಶೇಖಮ್ಮ ಕುಡಿದಳು.

ಆಮೇಲೆ ಹೇಳಿದಳು. ಮೊದಲಿನಿಂದ ಹೇಳಿದಳು. ಅಂಬರೀನ ಮೇಲೆ ಹೋದದ್ದು, ಗಂಟೆ ಬಾರಿಸಿದ್ದು, ಒಂದು ನಿಮಿಷ ಎಂದು ಹೇಳಿ ಕೂಸು ಎತ್ತಿಕೊಂಡದ್ದು, ಗಾಜು, ಉಂಗುರ, ಬೆರಳು. ನೋಡಿದ್ದಳು ಎಂದು ತಲೆಯಾಡಿಸಿದ್ದು ಸುಳ್ಳು ಎಂದು ಹೇಳಿದಳು. ನೋಡಲಿಲ್ಲ. ಕೂಸಿನ ಮುಖ ಆಕೆ ನೋಡಲೇ ಇಲ್ಲ.

ಬಸ್ಸಮ್ಮ ಬೈಯುವಳು, ಹೊಡೆಯುವಳು ಎಂದುಕೊಂಡಿದ್ದಳು. ಮುದುಕಿ ಅರಿವೆಯ ತುದಿಯನ್ನು ಮತ್ತೆ ಹಾಲಲ್ಲಿ ಅದ್ದಿದಳು. ಕೂಸಿನ ಬಾಯಿಗೆ ಹಿಂಡುತ್ತಾ ಕೇಳಿದಳು:

"ಏನಂತ ಕರದ್ಲು?"

"ಯಕ್ಕಾ, ಕೂಸು ತಾ ಅಂದ್ಲು."

"ಮತ್ತ?"

"ಯಕ್ಕಾ, ನನಗ ಥಂಡಿ ಹತ್ಯಾದ ಅಂದ್ಲು."

"ಇನ್ನೊಮ್ಮಿ ಹೇಳು."

ಶೇಖಮ್ಮ ಇನ್ನೊಮ್ಮೆ ಹೇಳಿದಳು. ಮುದುಕಿ ಮತ್ತೆ ಹೇಳು ಎಂದಳು. ಮತ್ತೆ ಹೇಳಿದಳು. ಕುರಿ ಹೊಡೆದುಕೊಂಡು ಬಂದ ಹಣಮೇಶ ಕೋಲು ಊರಿ ನಿಂತು ಕೇಳಿದ. ಕುರಿಗಳು ಅವನ ಸುತ್ತ ಹರಿದು ಹೋಗಿ ಬಲೆಯೊಳಗೆ ಸೇರಿಕೊಂಡವು. ದೊಡ್ಡ ಹುಡುಗಿ, ಅವ್ವ ನಮ್ಮ ಹೆಸರು ಹಿಡಿದು ಕರೆಯಲಿಲ್ಲವೇನು ಎಂದು ಕೇಳಿದಳು. ಶೇಖಮ್ಮನಿಗೆ ಸುಳ್ಳು ಹೇಳಬೇಕೆನಿಸಿತು. ಹೇಳಲಿಲ್ಲ.

ಕತ್ತಲಾಗುವ ಮುಂಚೆ ಬಸ್ಸಮ್ಮ ಒಂದು ಮಾತು ಕೇಳಿದಳು. ನಾ ನೂರರ ನೋಟು ಹಿಡಿದಾಗ ನೀನು ಬೇಡ, ಸಾಕು, ಒಳಗೆ ಒಯ್ಯುತ್ತೇನೆ ಅಂದಿದ್ದರೆ ಏನಾಗುತ್ತಿತ್ತು ಎಂದಳು. ಮುದುಕಿಯೇ ಮುಂದುವರಿದು, ಕೂಸು ನನ್ನದು, ಪಕ್ಕಕ್ಕೆ ಸರಿ ಅಂತ ನಿನ್ನ ದಬ್ಬಿ ನಾ ಒಳಗೆ ಹೋಗಿದ್ದರೆ ಏನಾಗುತ್ತಿತ್ತು ಎಂದಳು. "ನಾ ಅದು ಕಾನೂನ ಅಂತ ತಿಳದಿದ್ದೆ," ಎಂದಳು.

"ನಾನೂ," ಎಂದಳು ಶೇಖಮ್ಮ.

ಬಸ್ಸಮ್ಮ ಅವಳಿಗೆ ಮಾಫಿ ಮಾಡಲಿಲ್ಲ. ಆ ದಿನವೂ ಇಲ್ಲ, ಮುಂದೆಯೂ ಇಲ್ಲ. ಆದರೆ ಮರುದಿನ ಮುಂಜಾನೆಯ ಬಸ್ಸಿಗೆ ಕೂಸನ್ನು ಕಟ್ಟಿಕೊಂಡು ಬಂದು ನಿಂತಳು. ದೊಡ್ಡವರು ಕೊಡಿಸಿದ್ದ ಹಣದ ಗಂಟು ಹಣಮೇಶನ ಕೈಯಲ್ಲಿತ್ತು. ಅವನು ಅದನ್ನು ಗಾಜಿನ ಕೋಣೆಯ ಮೇಜಿನ ಮೇಲೆ ಇಟ್ಟು ಹೊರಗೆ ಬಂದ.

ದವಾಖಾನೆಯ ಮೆಟ್ಟಿಲ ಕೆಳಗೆ, ರಸ್ತೆಯ ಬದಿಗೆ, ಇಬ್ಬರೂ ಹೆಂಗಸರು ಕೂತರು. ಕಾವಲಿನವನು ಏಳಿ ಎಂದ, ಏಳಲಿಲ್ಲ. ಪೊಲೀಸರು ಬಂದರು. ದೂರು ಬರೆದುಕೊಳ್ಳುತ್ತೇವೆ, ಮನೆಗೆ ನಡೆಯಿರಿ ಎಂದರು. ಬರೆದುಕೊಳ್ಳಿ, ಅಲ್ಲಿವರೆಗೆ ಕೂತಿರುತ್ತೇವೆ ಎಂದಳು ಶೇಖಮ್ಮ. ದೂರು ಬರೆದುಕೊಂಡದ್ದು ನಾಲ್ಕನೆಯ ದಿನ. ಆ ಕೇಸು ಇನ್ನೂ ನಡೆದಿದೆ. ದವಾಖಾನೆಯೂ ನಡೆದಿದೆ. ಶೇಖಮ್ಮ ಈಗ ಮೆಣಸಿನಕಾಯಿ ಹೊಲಕ್ಕೆ ಕೂಲಿಗೆ ಹೋಗುತ್ತಾಳೆ. ಕೋರ್ಟಿನ ತಾರೀಖು ಬಂದ ದಿನ ಕೂಲಿ ಬಿಟ್ಟು ಬರುತ್ತಾಳೆ.

ಆದರೆ ಆ ಮೊದಲ ದಿನ. ಬಿಸಿಲು ಏರುತ್ತಿತ್ತು. ಹೋಗುವವರು ಬರುವವರು ನಿಂತು ಏನಾಯಿತು ಎಂದು ಕೇಳುತ್ತಿದ್ದರು. ತುಂಬಿದ ಹೊಟ್ಟೆ ಹೊತ್ತು ಮೆಟ್ಟಿಲು ಹತ್ತಲು ಬಂದವರೂ ನಿಂತರು. ಶೇಖಮ್ಮ ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳಿದಳು. ಪ್ರತಿ ಸಲವೂ, ನಿಂತವಳು ನಾನೇ ಎನ್ನುವುದನ್ನು ಬಿಡದೆ ಹೇಳಿದಳು. ಕೆಲವರು ಉಗುಳಿದರು. ಅದನ್ನು ಒರೆಸಿಕೊಂಡು ಹೇಳಿದಳು. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಅವಳ ದನಿ ಬಿದ್ದುಹೋಯಿತು. ಬಾಯಿ ತೆರೆದರೆ ಗಾಳಿಯಷ್ಟೇ ಬಂತು. ಎದುರಿಗೆ ನಿಂತಿದ್ದ ಬಸುರಿ ಹೆಂಗಸು, ಮುಂದೇನಾಯಿತು ಎಂದು ಕೇಳುತ್ತಾ ಕಾಯುತ್ತಿದ್ದಳು.

ಬಸ್ಸಮ್ಮ ಮಡಿಲಲ್ಲಿನ ಕೂಸನ್ನು ಈ ಕಡೆಯಿಂದ ಆ ಕಡೆಗೆ ಹೊರಳಿಸಿಕೊಂಡಳು.

"ನನ್ನ ಹಂತ್ಯಾಕ ನೂರಾ ಇಪ್ಪತ್ತು ರೂಪಾಯಿ ಇದ್ದವು," ಎಂದು ಹೇಳಲು ಶುರುಮಾಡಿದಳು.